ಬೈದು ಕಳಿಸುವವರು

“ಇವನ್ನ ಮೊದಲ ಕೆಳಗ ಇಳಸ್ರಿ. ಈ ಹಸಿದ ನಾಯಿ ಒಳಗ ಕುಂತಿತ್ತಂದ್ರ ವಿಮಾನ ಹೋಗ್ಲಿ, ಹದ್ದೂ ಆಚೆ ಊರು ಮುಟ್ಟಂಗಿಲ್ಲ,” ಎಂದು ಮ್ಯಾನೇಜರ್ ಪಟ್ಟೇದ ಎಲ್ಲರ ಮುಂದೆ ಹೇಳಿದ.

ಬೆಳಿಗ್ಗೆ ಹೊರಟ ವಿಮಾನ ಆಚೆ ಊರನ್ನು ಮುಟ್ಟಲಾರದೆ ಮಧ್ಯಾಹ್ನ ನಮ್ಮಲ್ಲಿಗೇ ತಿರುಗಿ ಬಂದಿತ್ತು. ಇಳಿದವರೆಲ್ಲ ರನ್‌ವೇ ಪಕ್ಕದ ಬಿಸಿಲಿನಲ್ಲಿ ನಿಂತಿದ್ದರು. ವಾಂತಿ ಮಾಡಿಕೊಂಡವರು, ಮುಹೂರ್ತ ತಪ್ಪಿಸಿಕೊಂಡವರು, ಕೋರ್ಟಿನ ತಾರೀಖು ಕಳೆದುಕೊಂಡವರು, ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಕೊನೆಯವನಾಗಿ ಮೆಟ್ಟಿಲು ಇಳಿಯುತ್ತಿದ್ದೆ. ಪಟ್ಟೇದ ಇನ್ನೂ ಮುಗಿಸಿರಲಿಲ್ಲ. “ಒಂದು ಹೆಣ್ಣಿನ ಸಲುವಾಗಿ ಇಷ್ಟು ಮಂದೀನ ಗಾಣದ ಎತ್ತಿನಂಗ ಆಕಾಶದಾಗ ತಿರುಗಿಸಿದಿ. ಮೈಯಾಗ ರಕ್ತ ಹರೀತೈತೋ, ಬರೇ ಜೊಲ್ಲು ಹರೀತೈತೋ ನಿನಗ?” ಯಾರೋ ನಕ್ಕರು. ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಹೆಂಗಸು ನನ್ನತ್ತ ನೋಡಿ ಮುಖ ತಿರುಗಿಸಿದಳು. ನನಗೆ ಆ ನಗುವಿಗಿಂತ ಅದು ಹೆಚ್ಚು ಚುಚ್ಚಿತು.

ನಾನು ಅವನಿಗೆ ತಿರುಗಿ ಅನ್ನಲಿಲ್ಲ. ಅನ್ನಲು ಬರುತ್ತಿರಲಿಲ್ಲ ಎಂದಲ್ಲ. ಬೈಯುವುದೇ ನನ್ನ ಕೆಲಸ. ಅದೇ ನಿಲ್ದಾಣದಲ್ಲಿ, ಅದೇ ಗೇಟಿನಲ್ಲಿ, ಹೋಗುವವರನ್ನು ಬೈದು ಕಳಿಸಲು ನನ್ನನ್ನು ಇಟ್ಟುಕೊಂಡಿದ್ದಾರೆ. ಪಟ್ಟೇದನ ಬೈಗುಳದಲ್ಲಿ ಸಿಟ್ಟಿತ್ತು, ಕಸುಬಿರಲಿಲ್ಲ. ನನ್ನ ಸಿಟ್ಟು ಅವನದಕ್ಕಿಂತ ಹತ್ತು ಪಟ್ಟು ಇತ್ತು. ಆದರೆ ಮೂರು ತಾಸು ಕಿಟಕಿಗೆ ಹಣೆ ಒತ್ತಿಕೊಂಡು, ಈಗ ಕಂಡೀತು, ಈಗ ಕಂಡೀತು ಎಂದು ಬಿಳಿಯ ಬಯಲನ್ನೇ ನೋಡಿ ಬಂದವನ ಬಾಯಿ ಒಣಗಿತ್ತು.

ನಮ್ಮ ನಿಲ್ದಾಣದ ಗೋಡೆಯಲ್ಲಿ ಒಂದು ಕಲ್ಲಿದೆ, ಉದ್ಘಾಟನೆಗೆ ಬಂದ ಮಂತ್ರಿ ಹಾಕಿಸಿದ್ದು. ಎರಡು ನಿಲ್ದಾಣಗಳ ನಡುವಿನ ದೂರ ನೂರ ಎಂಬತ್ತು ಕಿಲೋಮೀಟರು, ಹಾರಾಟದ ಅವಧಿ ನಲವತ್ತು ನಿಮಿಷ ಎಂದು ಅದರ ಮೇಲೆ ಕೆತ್ತಿದ್ದಾರೆ. ತಪಾಸಣೆಗೆ ಹೋಗುವ ಅಧಿಕಾರಿಗಳಷ್ಟೇ ಕೂತ ದಿನ ಆ ಮಾತು ಸರಿ ಬರುತ್ತದೆ. ಅವರಿಗೆ ಆಚೆ ಊರು ಬೇಕೆಂದೂ ಇರುವುದಿಲ್ಲ, ಬೇಡವೆಂದೂ ಇರುವುದಿಲ್ಲ. ಮುಟ್ಟಬೇಕೆಂಬ ಆಸೆಯಿರುವ ಒಬ್ಬರು ಒಳಗೆ ಕೂತರೂ ದೂರ ಹಿಗ್ಗುತ್ತದೆ. ಹೆತ್ತ ಮಗಳನ್ನು ನೋಡಲು ಹೊರಟ ತಾಯಿ ಕೂತರೆ ಒಂದೂವರೆ ತಾಸಾದರೂ ಆಗುತ್ತದೆ. ಹೊಸದಾಗಿ ಮದುವೆಯಾದವನಿದ್ದರೆ ಉಳಿದವರು ಬುತ್ತಿ ಕಟ್ಟಿಕೊಂಡೇ ಬರುತ್ತಾರೆ. ಕಲ್ಲಿನ ಕೆಳಗೆ ಒಂದು ಕರಿಹಲಗೆ ತೂಗುಹಾಕಿದ್ದಾರೆ. ವಿಮಾನ ಇಳಿದ ಕೂಡಲೇ ಪೈಲಟ್ ಹೇಳಿದ ದೂರವನ್ನು ನಿಲ್ದಾಣದ ಜವಾನ ಮೌಲಾಸಾಬ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಊರಿನವರು ಕಲ್ಲನ್ನು ನೋಡುವುದಿಲ್ಲ, ಹಲಗೆಯನ್ನು ನೋಡುತ್ತಾರೆ. ಯಾರು ಬಂದರು, ಎಷ್ಟು ಆಸೆಯಿಂದ ಬಂದರು ಎಂಬುದು ಸಂತೆಯ ಮಾತಾಗಲು ಅಷ್ಟು ಸಾಕು.

ಬೇರೆ ದಾರಿ ಇಲ್ಲ. ಎರಡು ಊರುಗಳ ನಡುವೆ ಉಪ್ಪಿನ ಬಯಲು. ಮೇಲೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಕೆಸರು. ರಸ್ತೆ ಮಾಡಲು ಹೋದ ರೋಲರು ಇನ್ನೂ ಅಲ್ಲೇ ಇದೆ, ಅದರ ಹೊಗೆಕೊಳವೆ ಮಾತ್ರ ಕಾಣುತ್ತದೆ. ಫೋನು ಆ ಬಯಲನ್ನು ದಾಟುವುದಿಲ್ಲ. ನಿಲ್ದಾಣದ ವೈರ್‌ಲೆಸ್ ಒಂದಿದೆ, ಅದರಲ್ಲಿ ವಿಮಾನ ಹೊರಟಿತು, ಇಳಿಯಿತು ಎಂಬ ಎರಡು ಮಾತಿಗಷ್ಟೇ ಅಪ್ಪಣೆ. ಟಪಾಲಿನ ಚೀಲದಲ್ಲಿ ಸರಕಾರಿ ಕಾಗದ ಮಾತ್ರ ಹೋಗುತ್ತದೆ, ಯಾಕೆಂದರೆ ಕಾಗದದೊಳಗಿನ ಆಸೆಯೂ ದಾರಿಯನ್ನು ಎಳೆಯುತ್ತದೆ.

ಅದಕ್ಕೇ ಬೈದು ಕಳಿಸುವುದು. ಹೋಗುವವರು ಗೇಟಿನಲ್ಲಿ ಸಾಲಾಗಿ ನಿಲ್ಲುತ್ತಾರೆ. ನಾವು ಒಬ್ಬೊಬ್ಬರನ್ನೂ ಕರೆದು, ಯಾರನ್ನು ನೋಡಲು ಹೋಗುತ್ತಿದ್ದಾರೆ ಎಂದು ಕೇಳಿ, ಆ ಆಸೆ ಹುಳಿಯಾಗುವಂಥ ಒಂದು ಮಾತು ಅನ್ನುತ್ತೇವೆ. ಕೆಟ್ಟ ಶಬ್ದ ಬೇಕಿಲ್ಲ. ಸುಳ್ಳು ನಡೆಯುವುದಿಲ್ಲ, ಸುಳ್ಳು ಬೈಗುಳ ಮೆಟ್ಟಿಲು ಹತ್ತುವಷ್ಟರಲ್ಲಿ ಉದುರಿಹೋಗುತ್ತದೆ. ನಿಜವಾದ ಒಂದು ಮುಳ್ಳನ್ನು ಹುಡುಕಬೇಕು. ಬಾಣಂತಿ ಮಗಳ ಬಳಿಗೆ ಹೊರಟ ತಾಯಿಗೆ, “ಮಗಳಿಗೆ ನೀನು ಬೇಕಾಗಿಲ್ಲವ್ವಾ, ದುಪಟಿ ಒಗ್ಯಾಕ ಎರಡು ಕೈ ಬೇಕಾಗ್ಯಾವ,” ಎಂದರೆ ಸಾಕು. ಬೈಸಿಕೊಂಡವರು ತಿರುಗಿ ಮಾತಾಡುವಂತಿಲ್ಲ. ಮುಖ ಗಂಟಿಕ್ಕಿಕೊಂಡು ಹೋಗಿ ಕೂರುತ್ತಾರೆ. ಬಾಗಿಲು ಹಾಕುವ ಮುಂಚೆ ಒಳಗಿನ ಹುಡುಗಿ ಹೇಳುತ್ತಾಳೆ, ಬೆಲ್ಟ್ ಕಟ್ಟಿಕೊಳ್ಳಿ, ಬೀಡಿ ಸೇದಬೇಡಿ, ಇನ್ನೂ ಎಷ್ಟು ದೂರ ಎಂದು ಯಾರೂ ಕೇಳಬೇಡಿ. ಆ ಮಾತು ಆಸೆಯಿಲ್ಲದವರ ಬಾಯಲ್ಲಿ ಹುಟ್ಟುವುದಿಲ್ಲ, ಹುಟ್ಟಿದರೆ ದಾರಿ ಅಷ್ಟಕ್ಕಷ್ಟು ಬೆಳೆಯುತ್ತದೆ. ಒಮ್ಮೆ ಅಜ್ಜಿಯ ಮನೆಗೆ ಹೊರಟ ಒಂದು ಕೂಸು ಸುಮ್ಮನಿರದೆ ಕೇಳುತ್ತಲೇ ಹೋಗಿ, ಸಂಜೆ ನಾಲ್ಕಕ್ಕೆ ಹತ್ತಿದವರು ದೀಪ ಹಚ್ಚುವ ಹೊತ್ತಿಗೆ ಇಳಿದರು.

ಬಂದವರನ್ನು ಎದುರುಗೊಳ್ಳುವುದಕ್ಕೂ ಒಂದು ರೀತಿ ಇದೆ. ಬೈಗುಳ ಇನ್ನೂ ಮೈಮೇಲಿರುವಾಗ ಮಾತಾಡಿಸಬಾರದು, ಅವರು ಕೇಳಿದ್ದಕ್ಕೂ ಉತ್ತರ ಕೊಡಬಾರದು. ಕೊಟ್ಟರೆ ಬೈಗುಳ ಹೆಪ್ಪುಗಟ್ಟಿಬಿಡುತ್ತದೆ. ಹಾಗಾಗಿ ಕರೆಯಲು ಬಂದವರು ಒಮ್ಮೆ ಮುಖ ತೋರಿಸಿ, ಬೆನ್ನು ತಿರುಗಿಸಿ, ಮುಂದೆ ನಡೆಯುತ್ತಾರೆ. ಬಂದವರು ಹಿಂದೆ ಹಿಂದೆ ಬರುತ್ತಾರೆ. ಗೇಟು ದಾಟಿ, ಚಹದಂಗಡಿ ದಾಟಿ, ಜೋಡು ಜಾಲಿಮರದ ಹತ್ತಿರ ಬರುವಷ್ಟರಲ್ಲಿ ಸಿಟ್ಟು ತಾನಾಗಿ ಇಳಿದು ಅವರೇ ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ತಿರುಗಿ ಅಪ್ಪಿಕೊಳ್ಳಬಹುದು, ಅಳಬಹುದು. ಜಾಲಿಮರದ ಕೆಳಗೆ ಯಾವಾಗ ನೋಡಿದರೂ ಯಾರಾದರೂ ಅಳುತ್ತಿರುತ್ತಾರೆ. ಹೈಸ್ಕೂಲಿನ ಗಣಿತದ ಮಾಸ್ತರು ಒಮ್ಮೆ ತಡೆಯಲಾರದೆ, ಹೆಂಡತಿ ಇಳಿದು ಏನೋ ಕೇಳಿದ ಕೂಡಲೇ ಉತ್ತರ ಕೊಟ್ಟುಬಿಟ್ಟರು. ಆಕೆ ಇಂದಿಗೂ ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಾಳೆ, ಖಾನಾವಳಿಯಲ್ಲಿ ಬಡಿಸುವ ಹಾಗೆ.

ಈ ಕಸುಬನ್ನು ನನಗೆ ಕಲಿಸಿದವಳು ಯಮನವ್ವ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಎಲೆಅಡಿಕೆ ಚೀಲ ಇಟ್ಟುಕೊಂಡು ಕೂರುವ ಮುದುಕಿ. ನಾನು ಏಳನೇತ್ತ ಮುಗಿಸಲಿಲ್ಲ. ಮಾಸ್ತರು ದಿನಾ ಬೈಯುತ್ತಿದ್ದರು, ಒಂದು ದಿನ ನಾನು ತಿರುಗಿ ಬೈದೆ, ಅವರಿಗೆ ಮುಂದೆ ಮಾತು ಸಿಗಲಿಲ್ಲ, ನನಗೆ ಶಾಲೆ ಸಿಗಲಿಲ್ಲ. ಆ ಸಂಜೆ ಯಮನವ್ವ ಮನೆಗೆ ಬಂದು, “ಈ ಬಾಯಿ ನನಗ ಕೊಡ್ರಿ,” ಎಂದು ನನ್ನನ್ನು ಕರೆದುಕೊಂಡು ಹೋದಳು. ಅನ್ನ ಹಾಕಿದಳು, ಮಾತು ಕಲಿಸಿದಳು. ನನ್ನ ಹೆಸರು ಹುಲಿಗೆಪ್ಪ. ಆಕೆ ಹುಲಗ್ಯಾ ಅನ್ನುತ್ತಾಳೆ. ಹಾಗನ್ನುತ್ತಿದ್ದವಳು ಇನ್ನೊಬ್ಬಳಿದ್ದಳು.

ಫಕೀರವ್ವ ನನಗಿಂತ ಒಂದು ಮಳೆಗಾಲ ತಡವಾಗಿ ಯಮನವ್ವನ ಹತ್ತಿರ ಬಂದಳು. ಆಕೆಯ ಅಪ್ಪ ಉಪ್ಪಿನ ತೂಕದ ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದವನು. ಆಕೆಗೆ ದನಿ ಎತ್ತುವ ಅಭ್ಯಾಸವಿರಲಿಲ್ಲ. ನಾನು ಗೇಟು ನಡುಗುವಂತೆ ಕೂಗಿ ಮಾಡುವ ಕೆಲಸವನ್ನು ಆಕೆ ಎದುರಿಗಿದ್ದವರ ಅಂಗಿಯ ಗುಂಡಿಯನ್ನು ನೋಡುತ್ತ, ಹೆಚ್ಚೆಂದರೆ ಆರೇಳು ಶಬ್ದದಲ್ಲಿ ಮುಗಿಸುತ್ತಿದ್ದಳು. ಬಲಗಾಲ ಚಪ್ಪಲಿಯ ಉಂಗುಟ ಕಿತ್ತು ಪಿನ್ನು ಹಾಕಿಕೊಂಡಿದ್ದಳು. ನಡೆದರೆ ಒಂದು ಹೆಜ್ಜೆ ಸಪ್ಪಳವಿಲ್ಲದೆ, ಒಂದು ಹೆಜ್ಜೆ ಎಳೆದ ಹಾಗೆ ಕೇಳುತ್ತಿತ್ತು. ಹೊಸದು ತಗೋ ಎಂದರೆ, “ಸವದದ್ದು ನನ್ನ ಕಾಲಿಗೆ, ನಿನ್ನ ಕಿವಿಗೆ ಯಾಕ ತ್ರಾಸು,” ಅನ್ನುತ್ತಿದ್ದಳು. ಕೆಲಸ ಮುಗಿದ ಮೇಲೆ ನಾವಿಬ್ಬರೂ ತೂಕದ ಕಟ್ಟೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು ಬಯಲನ್ನು ನೋಡುತ್ತಿದ್ದೆವು. ಅಲ್ಲಿಯೇ ಒಂದು ಸಂಜೆ ಆಕೆ ತನ್ನ ಮನೆಯ ಮಾತು ಹೇಳಿದಳು. ಅಪ್ಪನ ಬಾಯಿಗೆ ತಾಳಲಾರದೆ ಅವ್ವ ಉಟ್ಟ ಸೀರೆಯಲ್ಲೇ ಹೊರಟುಹೋದದ್ದು, ಮತ್ತೆ ಬಾರದಿದ್ದದ್ದು. “ನನ್ನ ಬಾಯಿ ಯಾರ ಕಡಿಂದ ಬಂತು ಅಂತ ನನಗ ಗೊತ್ತೈತಿ,” ಎಂದಳು. “ಅದಕ್ಕ ನಾ ಇದನ್ನ ಗೇಟಿನ್ಯಾಗ ಬಿಟ್ಟು ಮನಿಗೆ ಹೋಗ್ತೀನಿ.” ಆಕೆಯ ಕೈ ನನ್ನ ಕೈಯ ಪಕ್ಕದಲ್ಲಿತ್ತು, ಬೆರಳಲ್ಲಿ ಉಪ್ಪಿತ್ತು.

ಆಚೆ ನಿಲ್ದಾಣದ ಬೈಯುವವನಿಗೆ ಗಂಟಲು ಕೆಟ್ಟಿತು. ಒಬ್ಬರನ್ನು ಕಳಿಸಿ ಎಂದು ಅಲ್ಲಿಂದ ಆದೇಶ ಬಂತು. ಪಟ್ಟೇದ ಫಕೀರವ್ವನನ್ನು ಕಳಿಸಿದ. ಇಬ್ಬರಲ್ಲಿ ಆಕೆಯೇ ಜಾಣೆ ಎಂದ, ಅದು ನಿಜವೂ ಹೌದು. ಹೋಗುವ ದಿನ ಆಕೆಯನ್ನು ಬೈಯುವ ಸರದಿ ನನ್ನದಿತ್ತು. ನಾನು ಬಾಯಿ ತೆರೆದೆ, ಆಕೆ ನನ್ನ ಅಂಗಿಯ ಗುಂಡಿಯನ್ನು ನೋಡುತ್ತ, “ಬ್ಯಾಡೋ, ನನಗೇನು ಬೈಯೂದು ಬೇಕಾಗಿಲ್ಲ,” ಎಂದಳು. ಸಂಜೆ ಮರಳಿ ಬಂದ ಪೈಲಟ್ ಹೇಳಿದ, ಹೋಗುವಾಗ ದಾರಿ ಕಲ್ಲಿನ ಮೇಲೆ ಬರೆದದ್ದರ ಅರ್ಧವೂ ಇರಲಿಲ್ಲವಂತೆ. ಮುಟ್ಟಲು ಮನಸ್ಸಿಲ್ಲದವಳನ್ನು ಆ ಬಯಲು ಬೇಗ ಬೇಗ ಮುಟ್ಟಿಸಿಬಿಟ್ಟಿತು. ಇಂಥ ದಾರಿಯನ್ನು ಯಾರು ಮಾಡಿದರೋ, ಅವರನ್ನು ನನ್ನ ಗೇಟಿನಲ್ಲಿ ಒಮ್ಮೆ ನಿಲ್ಲಿಸಬೇಕು.

ಆಮೇಲೆ ನಮಗೆ ಉಳಿದದ್ದು ಪ್ರಯಾಣಿಕರು. ಆಚೆಯಿಂದ ಬಂದವರ ಮೈಮೇಲೆ ಆಕೆಯ ಮಾತು ಇರುತ್ತಿತ್ತು. ನಾನು ಜಾಲಿಮರದ ಹತ್ತಿರ ಕಾದು, ಅವರ ಸಿಟ್ಟು ಇಳಿದ ಮೇಲೆ ಕೇಳುತ್ತಿದ್ದೆ, ಗೇಟಿನಲ್ಲಿ ನಿಮಗೆ ಏನೆಂದಳು. ಕೆಲವರು ಹೊಡೆಯಲು ಬಂದರು. ಒಬ್ಬ ದರ್ಜಿ ನಾಚಿಕೊಂಡು ಹೇಳಿದ, “ನಿಮ್ಮಣ್ಣ ನಿನ್ನ ದಾರಿ ಕಾಯಾಕತ್ತಿಲ್ಲ, ನೀ ತರೋ ಕತ್ತರಿ ದಾರಿ ಕಾಯಾಕತ್ತಾನ ಅಂದ್ಲಪಾ.” ಆ ಮಾತನ್ನು ನಾನು ದಿನವಿಡೀ ಬಾಯಲ್ಲಿ ಇಟ್ಟುಕೊಂಡು ಓಡಾಡಿದೆ. ಇನ್ನೊಮ್ಮೆ ಒಬ್ಬ ಅಜ್ಜಿ ಇಳಿದವಳೇ ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡಳು. ಕೇಳಿದರೆ, “ಅಲ್ಲಿ ಗೇಟಿನ ಕಡೆ ಒಬ್ಬ ಗಂಟುಮಾರಿಯವ ನಿಂತಿರ್ತಾನ, ಅವನ್ನ ನೋಡಬ್ಯಾಡ್ರಿ, ಮನಿಯಾಗಿನ ಹಾಲು ಒಡೀತಾವ ಅಂದಾಳ ಆ ಹುಡುಗಿ.” ಅದು ನನಗೆಂದೇ ಕಳಿಸಿದ್ದು. ಆ ವಾರ ನಾನು ಬಹಳ ದಿನಗಳ ಮೇಲೆ ಕನ್ನಡಿ ನೋಡಿಕೊಂಡೆ. ನಾನೂ ಕಳಿಸುತ್ತಿದ್ದೆ. ಹೋಗುವವರನ್ನು ಬೈಯುವಾಗ ಕೊನೆಗೆ, ಅಲ್ಲಿ ಚಪ್ಪಲಿ ಎಳೆಯುವ ಒಬ್ಬಳಿದ್ದಾಳೆ, ಆಕೆಯ ಕಾಲ ಸಪ್ಪಳಕ್ಕೆ ನಾಯಿಗಳು ಊರು ಬಿಟ್ಟಾವು ಎಂದು ಸೇರಿಸುತ್ತಿದ್ದೆ. ಹೀಗೆ ಎರಡು ಬೇಸಿಗೆ ಕಳೆದವು. ಜನರ ಬಾಯಲ್ಲಿ ಬರುವ ಮಾತಿಗೆ ಆಕೆಯ ದನಿ ಇರುತ್ತಿರಲಿಲ್ಲ. ನಾನೇ ಅದನ್ನು ಸೇರಿಸಿಕೊಂಡು ಕೇಳುತ್ತಿದ್ದೆ.

ತಾಳಲಾರದೆ ನಾನೇ ಹೋಗುತ್ತೇನೆಂದು ಟಿಕೆಟ್ ತೆಗೆಸಿದೆ. ಯಮನವ್ವ ನನ್ನನ್ನು ಬೈದಳು, ಆಕೆಗೆ ಬರುವುದನ್ನೆಲ್ಲ ಬೈದಳು. ಆದರೆ ಅನ್ನ ಹಾಕಿದವಳ ಬೈಗುಳ ನನಗೆ ಹತ್ತಲಿಲ್ಲ, ಕೇಳುತ್ತ ಕೇಳುತ್ತ ನನಗೆ ಹಸಿವಾಯಿತು. ಆ ದಿನ ಆದದ್ದೇ ಮೊದಲಲ್ಲಿ ಹೇಳಿದ್ದು. ಮೂರು ತಾಸು ಹಾರಿದರೂ ಬಿಳಿಯ ಬಯಲಿನ ಮೇಲೆ ಬಿಳಿಯ ಬಯಲು. ಎಣ್ಣೆ ಅರ್ಧಕ್ಕೆ ಬಂದು ಪೈಲಟ್ ತಿರುಗಿಸಿದ. ತಿರುಗಿಸಿದ್ದೇ ತಡ, ಚಿಟಿಕೆ ಹೊಡೆಯುವಷ್ಟರಲ್ಲಿ ನಮ್ಮೂರು. ಅಲ್ಲಿಗೆ ಮರಳಬೇಕೆಂಬ ಆಸೆ ನನಗೆ ಎಳ್ಳಷ್ಟೂ ಇರಲಿಲ್ಲವಲ್ಲ. ಪಟ್ಟೇದ ಅಂದದ್ದನ್ನೂ ಹೇಳಿದ್ದೇನೆ. ಇನ್ನು ಮೇಲೆ ಇವನಿಗೆ ಟಿಕೆಟ್ ಕೊಡಕೂಡದು ಎಂದು ಆತ ಅಲ್ಲೇ ಎಲ್ಲರಿಗೂ ಕೇಳುವಂತೆ ಅಪ್ಪಣೆಯನ್ನೂ ಕೊಟ್ಟ.

ಅದಾದ ಮೇಲೆ ನಾಲ್ಕನೇ ವಿಮಾನಕ್ಕೆ ಆಚೆಯಿಂದ ಬಂದ ಒಬ್ಬ ಬೆಳ್ಳುಳ್ಳಿ ವ್ಯಾಪಾರಿ ತಾನಾಗಿಯೇ ನನ್ನನ್ನು ಹುಡುಕಿಕೊಂಡು ಬಂದ. “ಹುಲಗ್ಯಾ ಅಂದ್ರ ನೀನ ಏನು? ಆಕಿ ನನಗ ಬೈಲೇ ಇಲ್ಲಪಾ. ‘ಅವಗ ಬರಾಕ ಆಗಂಗಿಲ್ಲ, ನಾನ ಬರ್ತೀನಿ. ಇಲ್ಲಿ ನನ್ನ ಬೈಯವರು ಯಾರೂ ಇಲ್ಲ. ಅವನ ಬೈದು ಕಳಸಲಿ’ ಅಂತ ಹೇಳು ಅಂದ್ಲು. ನನ್ನ ಸಂಗಡ ಬಂದವರು ಹಾಳಾಗಿ ಹೋದ್ರು ನೋಡು, ನನಗೆ ಮಗಳನ್ನ ನೋಡೋ ಆಸೆ, ಎರಡೂವರೆ ತಾಸು ಹಿಡೀತು,” ಎಂದ.

ಬೈಯುವುದನ್ನೇ ಉಂಡು ಬೆಳೆದವನಿಗೆ ಅದಕ್ಕಿಂತ ಸುಲಭದ ಕೆಲಸ ಯಾವುದು ಎಂದುಕೊಂಡೆ. ಮರುದಿನ ಒಬ್ಬ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದೆ, ನಿನ್ನನ್ನು ಕಾಯುವವನಿಗೆ ಒಂದು ಕೋಣೆಯಿಲ್ಲ, ಯಮನವ್ವನ ಪಡಸಾಲೆಯಲ್ಲಿ ಮೇಕೆಯ ಪಕ್ಕ ಮಲಗುತ್ತಾನೆ. ಮರಳಿ ಬಂದ ಮಾತು, “ಮೇಕೆ ಒಪ್ಪತೈತೇನು ಕೇಳು.” ಇವನ ಸಿಟ್ಟಿಗೆ ಒಬ್ಬ ಗೆಳೆಯನೂ ಉಳಿದಿಲ್ಲ ಎಂದು ಕಳಿಸಿದೆ. “ಅಂದ್ರ ಮನಿಗೆ ಬರಹೋಗೋರ ಕಾಟ ಇಲ್ಲ,” ಎಂದು ಬಂತು. ಏಳನೇತ್ತ ದಾಟದವನು, ರೇಷನ್ ಚೀಟಿ ಓದಲೂ ಬೆರಳು ಇಡುತ್ತಾನೆ ಎಂದೆ. “ನಾ ಓದಿ ಹೇಳ್ತೀನಿ” ಎಂದು ಬಂತು. ನಾನು ನಿಜವನ್ನೇ ಕಳಿಸುತ್ತಿದ್ದೆ. ಆಕೆ ಅದನ್ನೆಲ್ಲ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಕೂತಿದ್ದಳು.

ಆದರೂ ಆಕೆ ಒಂದು ದಿನ ಹತ್ತಿಯೇಬಿಟ್ಟಳು. ವಿಮಾನ ಹೊರಟಿತು ಎಂದು ವೈರ್‌ಲೆಸ್‌ನಲ್ಲಿ ಬಂತು. ನಾನು, ಯಮನವ್ವ, ಮೌಲಾಸಾಬ ಬೇಲಿಯ ಹತ್ತಿರ ನಿಂತೆವು. ಸ್ವಲ್ಪ ಹೊತ್ತಿಗೆ ಬಯಲಿನ ಆಚೆ, ಬಿಸಿಲಿನ ಹಬೆಯ ಹಿಂದೆ ಇಂಜಿನ್ನಿನ ಸದ್ದು ಕೇಳಿಸಿತು. ಬಂದೇಬಿಟ್ಟಿತು ಎಂದೆ. ಸದ್ದು ಇತ್ತು, ಇದ್ದಲ್ಲೇ ಇತ್ತು. ನೆರಳು ನಮ್ಮ ಕಾಲ ಕೆಳಗಿನಿಂದ ಬೇಲಿಯವರೆಗೆ ಉದ್ದವಾದರೂ ಅದು ಹತ್ತಿರವೂ ಬರಲಿಲ್ಲ, ದೂರವೂ ಹೋಗಲಿಲ್ಲ. ಒಂದು ಜೇನುಹುಳ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ. ಆಕೆ ಅದರೊಳಗಿದ್ದಳು. ನಾನು ಬೇಲಿಯ ತಂತಿಯನ್ನು ಹಿಡಿದುಕೊಂಡಿದ್ದೆ. ಕೊನೆಗೆ ಸದ್ದು ತೆಳುವಾಗಿ ಹಿಂದಕ್ಕೆ ಹೋಯಿತು. ಮೌಲಾಸಾಬ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡ.

ಪಟ್ಟೇದ ಆಫೀಸಿನ ಬಾಗಿಲಲ್ಲಿ ನಿಂತು ಅಂದ, “ಬೈಯಾಕಂತ ಸಂಬಳ ಕೊಟ್ಟು ಇಟಗೊಂಡೀವಿ, ಒಂದು ಹುಡುಗಿ ಆಸೆ ಮುರಿಯಾಕ ಆಗಲಿಲ್ಲ ನಿನ್ನ ಕಡೆಯಿಂದ. ನಿನ್ನ ಬಾಯಾಗ ಏನೈತಲೇ, ಬೆಲ್ಲ ಏನು?” ಚಹದಂಗಡಿಯ ಬೆಂಚಿನ ತುಂಬ ಜನ ಕೂತಿದ್ದರು. ನನಗೆ ಸಿಟ್ಟು ಏರಿತು. ಪಟ್ಟೇದನ ಮೇಲೆ, ಬಯಲಿನ ಮೇಲೆ, ಕಲ್ಲು ಹಾಕಿಸಿದ ಮಂತ್ರಿಯ ಮೇಲೆ. ಆ ಹೊತ್ತಿನಲ್ಲಿ, ಇಷ್ಟು ಬೈದರೂ ಬಿಡದ ಆಕೆಯ ಮೇಲೂ ಸಿಟ್ಟು ಬಂತು ಎಂದರೆ ಯಾರು ನಂಬುತ್ತಾರೆ. ಮರುದಿನ ಬೆಳಿಗ್ಗೆ ಕನ್ನಡಕ ಮಾರುವ ಏಜೆಂಟ್ ಒಬ್ಬ ಸಾಲಿನಲ್ಲಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮುಟ್ಟಿಸುವವನು. ಅವನ ಕಿವಿಯಲ್ಲಿ ಹೇಳಿದೆ. “ಆಕಿಗೆ ಹಿಂಗನ್ನು. ನಿನ್ನ ಬಾಯಿ ನಿಮ್ಮಪ್ಪನದು. ಅದನ್ನ ಗೇಟಿನ್ಯಾಗ ಬಿಟ್ಟು ಬರಾಕ ನಿನಗ ಆಗಂಗಿಲ್ಲ. ನೀ ಕಾಲಿಟ್ಟ ಮನಿಯಿಂದ ಒಂದು ದಿನ ನಾನೂ ನಿಮ್ಮವ್ವನಂಗ ಉಟ್ಟ ಬಟ್ಟೀ ಮ್ಯಾಲ ಹೋಗ್ತೀನಿ.”

ಯಮನವ್ವನ ಕಿವಿ ಮುದಿಯಾಗಿರಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು. “ಅದನ್ನ ಕಳಸಬ್ಯಾಡಲೇ ಹುಲಗ್ಯಾ,” ಎಂದಳು.

“ಯಾಕ? ನಿಜ ಇರಬೇಕು ಅಂತ ನೀನ ಹೇಳೀದಿ.”

“ಆಕಿ ನಿನ್ನ ನಂಬಿ ಹೇಳಿದ್ದು ಅದು. ಬೈಗುಳ ಅಂದ್ರ ಜಾಲಿಮರದ ತನಕ. ಇದು ಎಲ್ಲಿ ತನಕ ಹೋಗ್ತೈತಿ ಅಂತ ನನಗ ಗೊತ್ತಿಲ್ಲ.”

“ಬರಲಿ ಮೊದಲ. ಬಂದ ಮ್ಯಾಲ ನೋಡೋಣ,” ಎಂದೆ. ಏಜೆಂಟ್ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಬಾಗಿಲು ಹಾಕಿದರು. ಓಡಿಹೋಗಿ ತಡೆಯಬಹುದಿತ್ತು, ತಡೆಯಲಿಲ್ಲ.

ಆಮೇಲೆ ಅಲ್ಲಿಂದ ನನಗೆ ಏನೂ ಬರಲಿಲ್ಲ. ಇಳಿದವರನ್ನು ಕೇಳಿದರೆ, ಬೈದಳು, ಎಲ್ಲರಿಗೂ ಬೈದ ಹಾಗೆ ಬೈದಳು, ನಿನ್ನ ಮಾತು ಎತ್ತಲಿಲ್ಲ ಎನ್ನುತ್ತಿದ್ದರು. ಬಂದ ವಿಮಾನಗಳೆಲ್ಲ ಕಲ್ಲಿನ ಲೆಕ್ಕದಲ್ಲೇ ಬರುತ್ತಿದ್ದವು. ಕೆಲವರು ಜಾಲಿಮರ ದಾಟಿದರೂ ಮುಖ ಬಿಚ್ಚದೆ ಹಾಗೇ ಮನೆಗೆ ಹೋದರು. ಆಕೆ ಹಾಗೆ ಬೈಯುವವಳಲ್ಲ. ನಾನು ಜನರನ್ನು ಬೈಯುವುದು ಬಿಟ್ಟು ಬರೀ ಸಾಲು ನಿಲ್ಲಿಸುವ ಕೆಲಸ ಮಾಡತೊಡಗಿದೆ. ಯಮನವ್ವ ಒಬ್ಬಳೇ ಬೈಯುತ್ತಿದ್ದಳು, ದನಿ ಸೋತು ಮಧ್ಯೆ ಮಧ್ಯೆ ನೀರು ಕುಡಿಯುತ್ತಿದ್ದಳು.

ಒಂದು ಬೆಳಿಗ್ಗೆ ವಿಮಾನ ಹೊರಟಿತು ಎಂದು ವೈರ್‌ಲೆಸ್‌ನಲ್ಲಿ ಬಂತು. ಮೌಲಾಸಾಬ ಚಹದ ಬಸಿಯನ್ನು ಬಾಯಿಗೆ ಇಟ್ಟಿದ್ದ. ಅದು ಖಾಲಿಯಾಗುವ ಮೊದಲೇ ವಿಮಾನ ನಮ್ಮ ತಲೆಯ ಮೇಲಿತ್ತು. ಬಿಸಿಲಿನ ಹಬೆಯನ್ನು ಹರಿದುಕೊಂಡು ಇಳಿದೇಬಿಟ್ಟಿತು. ಪೈಲಟ್ ಕೆಳಗಿಳಿದು ದೂರ ಹೇಳಿದ. ಮೌಲಾಸಾಬ ಮತ್ತೊಮ್ಮೆ ಕೇಳಿದ. ಆಮೇಲೆ ಹಲಗೆಯನ್ನು ತೋಳಿನಿಂದ ಒರೆಸಿ, ಬರೆದ. ಹನ್ನೊಂದು.

ಅಷ್ಟು ಕಡಿಮೆಯ ಸಂಖ್ಯೆಯನ್ನು ಆ ಹಲಗೆ ಕಂಡಿರಲಿಲ್ಲ. ಇಷ್ಟು ಬೇಡವಾಗಿ ಈ ಊರಿಗೆ ಬಂದವರು ಯಾರು ಎಂದು ಎಲ್ಲರೂ ಬಾಗಿಲು ನೋಡಿದರು. ಅಂದು ಪ್ರಯಾಣಿಕರು ಹೆಚ್ಚಿರಲಿಲ್ಲ. ಇಬ್ಬರು ಅಧಿಕಾರಿಗಳು, ಒಬ್ಬ ಕಂಪೌಂಡರು, ಕೊನೆಗೆ ಫಕೀರವ್ವ.

ಕೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಇಳಿದಳು. ಸ್ವಲ್ಪ ತೆಳ್ಳಗಾಗಿದ್ದಳು. ಬಲಗಾಲಲ್ಲಿ ಅದೇ ಚಪ್ಪಲಿ. ಎರಡು ಬೇಸಿಗೆ ನಾನು ಈ ಮೆಟ್ಟಿಲ ಮೇಲೆ ಆಕೆಯನ್ನು ಮನಸ್ಸಿನಲ್ಲೇ ದಿನಾ ಇಳಿಸಿದ್ದೆ, ದಿನಾ ಬೇರೆ ಬೇರೆ ರೀತಿ. ಹೀಗೆ ಒಂದು ದಿನವೂ ಇಳಿಸಿರಲಿಲ್ಲ. ನನ್ನ ಎದುರಿಗೆ ಬಂದು ನಿಂತಳು. ಬೇರೆ ಯಾರದೋ ಸಾಮಾನನ್ನು ನೋಡುವ ಹಾಗೆ ನೋಡಿದಳು.

“ಹುಲಿಗೆಪ್ಪ ಅಲ್ಲಾ? ಆರಾಮ ಅದೀಯೇನು? ನೋಡಬೇಕು ಅಂತಿದ್ದಿ ಅಂತ ಮಂದಿ ಹೇಳಿದ್ರು. ಬಂದೀನಿ,” ಎಂದಳು. ಪೂರ್ತಿ ಹೆಸರು. ಅಂಗಿಯ ಗುಂಡಿಯನ್ನು ನೋಡಲಿಲ್ಲ, ನೇರ ಮುಖವನ್ನೇ ನೋಡಿದಳು. ಬೈಯಬೇಕಿಲ್ಲದ ಅಪರಿಚಿತರನ್ನು ಆಕೆ ಹಾಗೆ ನೋಡುತ್ತಿದ್ದಳು.

ಪಟ್ಟೇದ ಬಾಗಿಲಿಗೆ ಬಂದಿದ್ದ. “ಬಂದಾಳಲ್ಲಪಾ. ಇಷ್ಟು ದಿನ ವಿಮಾನ ತಡೆದು ನಿಲ್ಲಿಸಿದ್ದಿ, ಈಗ ಬಾಯಿ ಬಿಡು,” ಎಂದ. ಬೆಂಚಿನ ಮೇಲಿದ್ದವರು ಎದ್ದು ನಿಂತಿದ್ದರು. ನನ್ನ ಬಾಯಿ ಎಂಥದೆಂದು ಅವರಿಗೆ ಗೊತ್ತು. ಪಟ್ಟೇದನಿಗೆ ಅನ್ನಬೇಕಾದದ್ದು, ಆಕೆಗೆ ಹೇಳಬೇಕಾದದ್ದು, ಎರಡೂ ಒಟ್ಟಿಗೇ ನಾಲಿಗೆಯ ಮೇಲೆ ಬಂದು ಕೂತವು. ಬಾಯಿ ನಿಮ್ಮಪ್ಪನದು ಎಂಬುದು ನಿಜ, ಆದರೆ ನಾನು ನಿನ್ನನ್ನು ಬಿಟ್ಟು ಹೋಗುವುದಿಲ್ಲ, ಯಾವ ಬಾಯಿಗೂ ಹೆದರಿ ಹೋಗುವವನು ನಾನಲ್ಲ ಎಂದು ಒಂದೇ ಒಂದು ಮಾತು ಅನ್ನಬೇಕಿತ್ತು. ಯಮನವ್ವ ಕಟ್ಟೆಯಿಂದ ಎದ್ದು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ತಲೆಯಾಡಿಸಿದಳು. ನನಗೆ ಗಣಿತದ ಮಾಸ್ತರರ ತಾಟು ಕಣ್ಣ ಮುಂದೆ ಬಂತು.

ನಾನು ಬೆನ್ನು ತಿರುಗಿಸಿ ನಡೆದೆ.

“ಓಡಿಹೊಂಟ ನೋಡ್ರಿ ಹುಲಿ,” ಎಂದ ಪಟ್ಟೇದ. ಗೇಟು ದಾಟಿದೆ. ಹಿಂದೆ ಏನೂ ಕೇಳಲಿಲ್ಲ. ಚಹದಂಗಡಿಯ ಒಲೆಯ ಬಿಸಿ ಒಂದು ಕೆನ್ನೆಗೆ ತಾಗಿ ಹೋಯಿತು. ಅದಾದ ಮೇಲೆ ಒಂದು ಹೆಜ್ಜೆ ಸಪ್ಪಳವಿಲ್ಲದೆ, ಒಂದು ಹೆಜ್ಜೆ ಎಳೆದ ಹಾಗೆ, ಹಿಂದೆ ಸದ್ದು ಬಂತು. ಬರುತ್ತಿದ್ದದ್ದು ರೂಢಿಗೆ, ಈ ಊರಲ್ಲಿ ಇಳಿದವರೆಲ್ಲ ಕರೆಯಲು ಬಂದವರ ಬೆನ್ನು ನೋಡಿ ನಡೆಯುವ ಹಾಗೆ. ನಾನು ಹೆಜ್ಜೆಯನ್ನು ಬಿರುಸೂ ಮಾಡಲಿಲ್ಲ, ನಿಧಾನವೂ ಮಾಡಲಿಲ್ಲ.

ಜೋಡು ಜಾಲಿಮರ ಬಂತು. ಅದರ ಕೆಳಗೆ ಆ ಕಂಪೌಂಡರು ತನ್ನ ತಂಗಿಯ ತಲೆಯ ಮೇಲೆ ಕೈಯಿಟ್ಟು ಅಳುತ್ತಿದ್ದ. ನಾನು ನೆರಳಿನೊಳಗೆ ಹೊಕ್ಕೆ. ಇಲ್ಲೇ ಕರೆಯುತ್ತಾರೆ ಎಲ್ಲರೂ. ಆಕೆ ಕರೆಯಲಿಲ್ಲ. ನೆರಳು ಮುಗಿಯಿತು, ಮತ್ತೆ ಬಿಸಿಲು. ಎಂದಾದರೂ ನನ್ನ ಮಾತು ನೆಟ್ಟಲ್ಲಿ ಅಲುಗಾಡದೆ ನಿಂತಿದ್ದರೆ ಅದು ಅಂದೇ. ಬಸ್ ನಿಲ್ದಾಣಕ್ಕೆ ಹೋಗುವ ತಿರುವಿನಲ್ಲಿ ಆಕೆ ನಿಂತುಬಿಡಬಹುದಿತ್ತು. ಯಮನವ್ವನ ಮನೆಗೆ ಹೋಗಿ ಚೀಲ ಇಳಿಸಬಹುದಿತ್ತು. ತಿರುವು ದಾಟಿದೆ. ಚಪ್ಪಲಿ ಒಂದು ಗಳಿಗೆ ನಿಂತ ಹಾಗಾಯಿತು, ಮತ್ತೆ ಬಂತು.

ಮುಂದೆ ಮನೆಗಳಿಲ್ಲ. ಉಪ್ಪಿನ ತೂಕದ ಕಟ್ಟೆ ಬಂತು, ಯಾರೂ ಇರಲಿಲ್ಲ, ತಕ್ಕಡಿಯ ಸರಪಳಿ ಗಾಳಿಗೆ ಸುಮ್ಮನೆ ಅಲ್ಲಾಡುತ್ತಿತ್ತು. ನಾವು ಕೂರುತ್ತಿದ್ದ ತುದಿಯಲ್ಲಿ ಕಲ್ಲು ಸವೆದಿದೆ. ಅದನ್ನೂ ನೋಡದವನ ಹಾಗೆ ದಾಟಿದೆ. ಅಲ್ಲಿಂದ ಆಚೆ ಕಾಲುದಾರಿ, ಅದರ ಆಚೆ ಬರೀ ಬಿಳುಪು. ನಾನು ಎಲ್ಲಿಗೆ ಹೋಗುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಹಿಂದಿನ ಹೆಜ್ಜೆ ನಿಲ್ಲದಿರುವವರೆಗೆ ನಡೆಯುವುದು, ಅಷ್ಟೇ. ಕಾಲ ಕೆಳಗೆ ಉಪ್ಪಿನ ಹೆಕ್ಕಳ ಪುಡಿಯಾಗುತ್ತಿತ್ತು. ಎಳೆಯುವ ಹೆಜ್ಜೆಯೂ ಆ ಪುಡಿಯ ಮೇಲೆ ಬಂತು.

ಆಮೇಲೆ ಹಿಂದಿನಿಂದ ದನಿ ಬಂತು. ಎತ್ತಿದ ದನಿಯಲ್ಲ. ದಣಿದ, ಸ್ವಲ್ಪ ಸಿಡುಕಿನ, ಇಷ್ಟು ದಿನ ಬೇರೆಯವರ ಬಾಯಲ್ಲಿ ಕೇಳಿ ಕೇಳಿ ನಾನು ಅರ್ಧ ಮರೆತಿದ್ದ ದನಿ.

“ಇನ್ನೂ ಎಷ್ಟು ದೂರ?”

ನಾನು ಉತ್ತರ ಕೊಡಲಿಲ್ಲ. ಕಣ್ಣು ಒರೆಸಿಕೊಳ್ಳಲು ಕೈಯನ್ನೂ ಎತ್ತಲಿಲ್ಲ, ಹಿಂದಿನಿಂದ ಕಂಡೀತೆಂದು. ನಡೆಯುತ್ತಲೇ ಹೋದೆ.